ಐದು ಹಳೆಯ ಚಿತ್ರ, ಒಂದು ರಾತ್ರಿ: ಅಮೆರಿಕದ ಕ್ರಾಂತಿಯನ್ನು ಯಾವುದರಲ್ಲಿ ನೋಡುವುದು?

ಅಮೆರಿಕದ ಸ್ವಾತಂತ್ರ್ಯ ಸಮರದ ಕಥೆಯಿರುವ ಹಳೆಯ ಹಾಲಿವುಡ್ ಸಾಹಸ ಚಿತ್ರವೊಂದನ್ನು ನೋಡಬೇಕು ಎಂದು ಹೊರಟವರ ಮುಂದೆ ಸಾಮಾನ್ಯವಾಗಿ ಈ ಐದು ಹೆಸರು ಬಂದು ನಿಲ್ಲುತ್ತವೆ: ‘ಡ್ರಮ್ಸ್ ಅಲಾಂಗ್ ದ ಮೊಹಾಕ್’ (1939), ‘ದ ಸ್ಕಾರ್ಲೆಟ್ ಕೋಟ್’ (1955), ‘ಜಾನಿ ಟ್ರೆಮೇನ್’ (1957), ‘ದ ಡೆವಿಲ್ಸ್ ಡಿಸೈಪಲ್’ (1959), ‘ಜಾನ್ ಪಾಲ್ ಜೋನ್ಸ್’ (1959). ಹೊರಗಿನಿಂದ ಐದೂ ಒಂದೇ ಥರ ಕಾಣುತ್ತವೆ. ಕೆಂಪು ಕೋಟು, ಮೂರು ಮೂಲೆಯ ಟೋಪಿ, ಬಂದೂಕಿನ ಹೊಗೆ. ಒಳಗೆ ಹೊಕ್ಕರೆ ಒಂದು ರೈತ ದಂಪತಿಯ ಕಥೆ, ಇನ್ನೊಂದು ಗೂಢಚಾರಿಕೆ, ಮತ್ತೊಂದು ಮಕ್ಕಳದು, ನಾಲ್ಕನೆಯದು ನಾಟಕ, ಐದನೆಯದು ಹಡಗಿನದು. ಆಯ್ಕೆ ತಪ್ಪಿದರೆ ಅರ್ಧ ಗಂಟೆಗೆ ರಿಮೋಟ್ ಕೈಗೆ ಬರುತ್ತದೆ. ಆಮೇಲೆ ‘ಹಳೇ ಪಿಕ್ಚರು ಬೋರು’ ಎಂಬ ತೀರ್ಪು ಐದರ ಮೇಲೂ ಬೀಳುತ್ತದೆ.

ಮೊದಲು ಅಳತೆಗೋಲು

ಹೆಸರು ಆರಿಸುವ ಮುನ್ನ ಕೆಲವು ಪ್ರಶ್ನೆ ಇತ್ಯರ್ಥ ಮಾಡಿಕೊಳ್ಳಿ. ಎಷ್ಟು ಹೊತ್ತು ಕೂರಬಲ್ಲಿರಿ? ಐದರಲ್ಲಿ ಚಿಕ್ಕದು 80 ನಿಮಿಷ, ದೊಡ್ಡದು 126. ಊಟ ಮುಗಿಸಿ ರಾತ್ರಿ ಒಂಬತ್ತೂವರೆಗೆ ಕೂರುವ ಮನೆಗಳಲ್ಲಿ ಈ ಮುಕ್ಕಾಲು ಗಂಟೆಯ ವ್ಯತ್ಯಾಸ ಸಣ್ಣದೇನಲ್ಲ.

ಜೊತೆಗೆ ಯಾರಿದ್ದಾರೆ, ಅವರಿಗೆ ಇಂಗ್ಲಿಷ್ ಎಷ್ಟು ಹತ್ತುತ್ತದೆ? ಕನ್ನಡ ಡಬ್ಬಿಂಗ್ ಸಿಗುತ್ತದೆ ಎಂಬ ಲೆಕ್ಕ ಇಟ್ಟುಕೊಳ್ಳಬೇಡಿ, ಇಂಗ್ಲಿಷ್ ಸಬ್‌ಟೈಟಲ್ಲೇ ಗತಿ. ಐದರಲ್ಲಿ ಮೂರನ್ನು ಮಾತು ಪೂರಾ ಅರ್ಥವಾಗದಿದ್ದರೂ ಕಣ್ಣಿನಿಂದಲೇ ನೋಡಿಕೊಂಡು ಹೋಗಬಹುದು. ಒಂದು ಮಾತ್ರ ಮಾತು ಕೈತಪ್ಪಿದರೆ ಏನೂ ಉಳಿಯದ ಚಿತ್ರ.

ಪರದೆ ಯಾವುದು? ಫೋನಿನಲ್ಲಿ ನೋಡುವವರಿಗೂ ಗೋಡೆಗೆ ಪ್ರೊಜೆಕ್ಟರ್ ಹಾಕುವವರಿಗೂ ಒಂದೇ ಚಿತ್ರ ಹೇಳಲಾಗದು. ಇತಿಹಾಸ ಎಷ್ಟು ನಿಜವಿರಬೇಕು ಎಂಬುದು ಇನ್ನೊಂದು ಪ್ರಶ್ನೆ. ಪಾಠಕ್ಕೆ ಪೂರಕವಾಗಿ ತೋರಿಸುವ ಮೇಷ್ಟರಿಗೆ ಬೇಕಾದದ್ದು ಬೇರೆ, ಶನಿವಾರದ ಮನರಂಜನೆಗೆ ಬೇಕಾದದ್ದು ಬೇರೆ.

ಎಲ್ಲಕ್ಕಿಂತ ಮುಖ್ಯವಾದ, ಯಾರೂ ಕೇಳದ ಪ್ರಶ್ನೆ ಕೊನೆಯದು: ಈ ಚಿತ್ರದಲ್ಲಿ ಶತ್ರು ಯಾರು?

‘ಕಿತ್ತೂರು ಚೆನ್ನಮ್ಮ’ (1961) ನೋಡಿ ಬೆಳೆದ ನಮಗೆ ಇದು ಪ್ರಶ್ನೆಯೇ ಅಲ್ಲ. ವಸಾಹತಿನ ವಿರುದ್ಧ ಹೋರಾಟ ಎಂದಮೇಲೆ ಖಳ ಆಂಗ್ಲರವನೇ. ಆದರೆ ಈ ಐದರಲ್ಲಿ ಒಂದರಲ್ಲೂ ಬ್ರಿಟಿಷ್ ಅಧಿಕಾರಿ ನಿಜವಾದ ಖಳನಾಯಕನಲ್ಲ. ಒಂದರಲ್ಲಿ ರಾಜನ ಪಕ್ಷ ಹಿಡಿದ ಅಮೆರಿಕನ್ನರು ಮತ್ತು ಮೂಲನಿವಾಸಿಗಳು ಶತ್ರುಗಳು. ಇನ್ನೊಂದರಲ್ಲಿ ಅಮೆರಿಕದ್ದೇ ಸೇನಾಪತಿ ದ್ರೋಹಿ, ಬ್ರಿಟಿಷ್ ಬೇಹುಗಾರನ ಮೇಲೆ ಕರುಣೆ. ಮಗದೊಂದರಲ್ಲಿ ಬ್ರಿಟಿಷ್ ಜನರಲ್ಲೇ ಇಡೀ ಚಿತ್ರವನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಾನೆ.

ಕಾರಣಗಳು ಎರಡು. ದಂಗೆಯೆದ್ದವರು ಆ ನೆಲದ ಮೂಲದವರಲ್ಲ, ಹೋಗಿ ನೆಲೆಸಿದವರು. ಅವರಲ್ಲಿ ಬಹುಪಾಲು ಇಂಗ್ಲಿಷರ ರಕ್ತಸಂಬಂಧಿಗಳೇ, ಜಗಳ ಒಂದು ರೀತಿಯಲ್ಲಿ ದಾಯಾದಿಗಳದು. ಎರಡನೆಯದು ವ್ಯವಹಾರ ಮತ್ತು ರಾಜಕೀಯ. ಹಾಲಿವುಡ್‌ಗೆ ಬ್ರಿಟನ್ ದೊಡ್ಡ ಮಾರುಕಟ್ಟೆ, ಎರಡು ಮಹಾಯುದ್ಧಗಳಲ್ಲೂ ಅದು ಅಮೆರಿಕದ ಮಿತ್ರದೇಶ. 1917ರಲ್ಲಿ ರಾಬರ್ಟ್ ಗೋಲ್ಡ್‌ಸ್ಟೈನ್ ಎಂಬ ನಿರ್ಮಾಪಕ ಇದೇ ಕ್ರಾಂತಿಯ ಚಿತ್ರದಲ್ಲಿ ಬ್ರಿಟಿಷ್ ಸೈನಿಕರ ಕ್ರೌರ್ಯ ತೋರಿಸಿದ್ದಕ್ಕೆ ಬೇಹುಗಾರಿಕೆ ತಡೆ ಕಾಯ್ದೆಯಡಿ ಸಿಕ್ಕಿಬಿದ್ದ. ಹತ್ತು ವರ್ಷ ಜೈಲು ವಿಧಿಸಿ ಆಮೇಲೆ ಮೂರಕ್ಕೆ ಇಳಿಸಿದರು. ಸ್ವಂತ ದೇಶದ ಸ್ವಾತಂತ್ರ್ಯ ಸಮರದ ಚಿತ್ರ ಮಾಡಿ ಸ್ವಂತ ದೇಶದಲ್ಲೇ ಜೈಲು! ಅಲ್ಲಿಂದಾಚೆಗೆ ಈ ವಿಷಯಕ್ಕೆ ಕೈಹಾಕಿದವರು ಖಳನನ್ನು ಹುಡುಕಲು ಎಷ್ಟು ಸುತ್ತು ಹಾಕಿದ್ದಾರೆ ಎಂಬುದನ್ನು ಗಮನಿಸುತ್ತ ನೋಡಿದರೆ ಸಾಧಾರಣ ಚಿತ್ರಕ್ಕೂ ರುಚಿ ಬರುತ್ತದೆ.

ಡ್ರಮ್ಸ್ ಅಲಾಂಗ್ ದ ಮೊಹಾಕ್: 104 ನಿಮಿಷ, ಬಣ್ಣ

ಒಂದನ್ನೇ ನೋಡುವುದಾದರೆ ಇದನ್ನು ನೋಡಿ, ಆದರೆ ಕಣ್ಣು ತೆರೆದುಕೊಂಡು.

ಜಾನ್ ಫೋರ್ಡ್ ಬಣ್ಣದಲ್ಲಿ ತೆಗೆದ ಮೊದಲ ಚಿತ್ರ. ಹೆನ್ರಿ ಫೋಂಡಾ, ಕ್ಲೋಡೆಟ್ ಕೋಲ್ಬರ್ಟ್ ಜೋಡಿ. ವಾಲ್ಟರ್ ಎಡ್ಮಂಡ್ಸ್ 1936ರಲ್ಲಿ ಬರೆದ ಕಾದಂಬರಿ ಇದರ ಮೂಲ. ಆಲ್ಬನಿಯ ಅನುಕೂಲಸ್ಥರ ಮನೆಯ ಹುಡುಗಿ ಮದುವೆಯಾಗಿ, ಗಾಡಿಯಲ್ಲಿ ಸಾಮಾನು ಹೇರಿಕೊಂಡು, ನ್ಯೂಯಾರ್ಕ್ ಪ್ರಾಂತದ ಮೊಹಾಕ್ ಕಣಿವೆಯ ಮರದ ದಿಮ್ಮಿಯ ಮನೆಗೆ ಬರುತ್ತಾಳೆ. ಕಾಡು ಕಡಿದು ಹೊಲ ಮಾಡುವುದು, ಮನೆ ಸುಟ್ಟುಹೋಗುವುದು, ಗರ್ಭ ನಿಲ್ಲದೆ ಹೋಗುವುದು, ಇನ್ನೊಬ್ಬರ ಹೊಲದಲ್ಲಿ ಕೂಲಿಗೆ ನಿಲ್ಲುವುದು, ನಡುನಡುವೆ ಯುದ್ಧ. ರಾಜಧಾನಿಗಳಲ್ಲಿ ನಡೆದ ಕ್ರಾಂತಿ ಇಲ್ಲಿ ಹೊಲದ ಬದುವಿಗೆ ಬರುತ್ತದೆ. ಒಕ್ಕಲುತನ ಬಲ್ಲವರಿಗೆ ಈ ಚಿತ್ರ ಬೇರೆ ನಾಲ್ಕಕ್ಕಿಂತ ಹತ್ತಿರವಾಗುವುದು ಇದರಿಂದಲೇ.

ಚಿತ್ರೀಕರಣ ನಡೆದದ್ದು ನ್ಯೂಯಾರ್ಕಿನಲ್ಲಲ್ಲ, ಯೂಟಾ ರಾಜ್ಯದ ಎತ್ತರದ ಕಾಡುಗಳಲ್ಲಿ. ಅಂದಿನ ಟೆಕ್ನಿಕಲರ್ ಕ್ಯಾಮೆರಾ ಒಂದೇ ದೃಶ್ಯವನ್ನು ಕೆಂಪು, ಹಸಿರು, ನೀಲಿಗೆಂದು ಮೂರು ಪ್ರತ್ಯೇಕ ನೆಗೆಟಿವ್‌ಗಳ ಮೇಲೆ ಹಿಡಿಯುತ್ತಿತ್ತು. ದೀಪದ ಬೆಳಕಿನ ಮನೆಯೊಳಗಿನ ದೃಶ್ಯ, ಬೆಳಗಿನ ಜಾವದ ಆಕಾಶ ಇವುಗಳಿಗೋಸ್ಕರವೇ ನೋಡಬಹುದು.

ಹೆಚ್ಚಿನವರು ಗಮನಿಸದೆ ದಾಟಿಬಿಡುವ ದೃಶ್ಯವೊಂದಿದೆ. 1777ರ ಆಗಸ್ಟ್ 6ರಂದು ಓರಿಸ್ಕನಿಯಲ್ಲಿ ಅಮೆರಿಕದ ಜನರಲ್ ಹರ್ಕಿಮರನ ಊರ ಪಡೆಯನ್ನು ಬ್ರಿಟಿಷರ ಕಡೆಯವರು ಹೊಂಚುಹಾಕಿ ಹೊಡೆದರು. ಚಿತ್ರದಲ್ಲಿ ಆ ಕದನವನ್ನು ತೋರಿಸುವುದೇ ಇಲ್ಲ. ಗಾಯಗೊಂಡು ಮರಳಿದ ಗಂಡ ಗೋಡೆಗೆ ಒರಗಿ ಕೂತು, ಹೆಂಡತಿ ಗಾಯ ತೊಳೆಯುತ್ತಿರುವಾಗ, ಕಂಡದ್ದನ್ನು ಒಂದೇ ಧಾಟಿಯಲ್ಲಿ ಹೇಳಿಕೊಂಡು ಹೋಗುತ್ತಾನೆ. ಕ್ಯಾಮೆರಾ ಅಲುಗುವುದಿಲ್ಲ. ಸಾವಿರ ಜನರ ಯುದ್ಧ ದೃಶ್ಯಕ್ಕಿಂತ ಅದು ಗಟ್ಟಿ. ಆ ಹೊತ್ತಿಗೆ ಮಾತು ನಿಲ್ಲಿಸಿ ಕೂರಿ. ಸಬ್‌ಟೈಟಲ್ ಬೇಕೇ ಬೇಕಾದ ಜಾಗ ಇಡೀ ಚಿತ್ರದಲ್ಲಿ ಅದೊಂದೇ. ಹರ್ಕಿಮರನ ಕಾಲು ಕತ್ತರಿಸಿದ್ದು, ಅದರಿಂದಲೇ ಅವನು ಸತ್ತದ್ದು, ಎರಡೂ ನಡೆದದ್ದೇ.

ಮಕ್ಕಳಿಗೂ ಅಜ್ಜಿಯರಿಗೂ ಒಟ್ಟಿಗೆ ಹಿಡಿಸುವುದು ಕೊನೆಯ ಓಟ. ಕೋಟೆಗೆ ಮುತ್ತಿಗೆ ಬಿದ್ದಾಗ ನಾಯಕ ನೆರವು ತರಲು ಓಡುತ್ತಾನೆ, ಬೆನ್ನ ಹಿಂದೆ ಮೂವರು. ಮಾತಿಲ್ಲ, ಬೆಟ್ಟಸಾಲು, ಬೆಳಗು, ಉಸಿರು. ಎಡ್ನಾ ಮೇ ಆಲಿವರ್ ಮಾಡಿದ ವಿಧವೆ ಮಿಸೆಸ್ ಮೆಕ್ಲೆನಾರ್ ಪಾತ್ರವಂತೂ ನಮ್ಮ ಯಾವುದೇ ಊರಿನಲ್ಲಿರುವ ಜೋರಿನ ಅಜ್ಜಿ. ಮನೆಗೆ ಬೆಂಕಿ ಹಚ್ಚಲು ಬಂದವರಿಂದಲೇ ತನ್ನ ಮಂಚ ಹೊರಸುವ ಗಟ್ಟಿಗಿತ್ತಿ. ಆಸ್ಕರ್ ನಾಮನಿರ್ದೇಶನ ಸುಮ್ಮನೆ ಬಂದದ್ದಲ್ಲ.

ಇನ್ನು ಕಣ್ಣು ತೆರೆದುಕೊಂಡು ಎಂದದ್ದೇಕೆ? ಮೂಲನಿವಾಸಿಗಳು ಇಲ್ಲಿ ಒಂದೋ ಕೂಗಾಡುತ್ತ ಬರುವ ಗುಂಪು, ಇಲ್ಲವೇ ನಗಿಸಲು ಇರುವ ‘ಬ್ಲೂ ಬ್ಯಾಕ್’. ಅವರಿಗೂ ಆ ಕಣಿವೆ ಸ್ವಂತದ್ದು ಎಂಬ ಮಾತು ಒಮ್ಮೆಯೂ ಬರುವುದಿಲ್ಲ. ವಾಸ್ತವದಲ್ಲಿ ಆರು ಬುಡಕಟ್ಟುಗಳ ಒಕ್ಕೂಟ ಈ ಯುದ್ಧದಿಂದ ಒಡೆದುಹೋಯಿತು. ಒನೈಡಾ, ಟಸ್ಕರೋರಾ ಜನ ಹೆಚ್ಚಾಗಿ ಅಮೆರಿಕನ್ನರ ಕಡೆ ನಿಂತರೆ, ಮೊಹಾಕ್, ಸೆನೆಕಾ ಮೊದಲಾದವರು ಬ್ರಿಟಿಷರ ಕಡೆ. 1779ರಲ್ಲಿ ವಾಷಿಂಗ್ಟನ್ ಕಳುಹಿಸಿದ ಸುಲ್ಲಿವನ್ ದಂಡು ಅವರ ಸುಮಾರು ನಲವತ್ತು ಊರುಗಳನ್ನೂ ಬೆಳೆದುನಿಂತ ಪೈರನ್ನೂ ಸುಟ್ಟಿತು. ಚಿತ್ರದಲ್ಲಿ ಸುಡುವುದು ಒಂದೇ ಕಡೆಯ ಮನೆಗಳು. ಮಕ್ಕಳ ಜೊತೆ ನೋಡುವವರು ಇಷ್ಟನ್ನು ಮೊದಲೇ ಹೇಳಿ ಕೂರಿಸಿದರೆ ಸಾಕು. ಆರಂಭದಲ್ಲಿ ಹೆದರಿ ಚೀರುವ ಹೆಂಡತಿಗೆ ಗಂಡ ಹೊಡೆಯುವ ದೃಶ್ಯವೂ ಇದೆ, ಅದೂ ಗೊತ್ತಿರಲಿ.

ಬ್ರಿಟಿಷರು ಎಲ್ಲಿ ಎಂದು ಹುಡುಕಿದರೆ ಸಿಗುವುದು ಒಂದು ಕಣ್ಣಿಗೆ ಪಟ್ಟಿ ಕಟ್ಟಿದ, ರಾಜಪಕ್ಷದ ಕಾಲ್ಡ್‌ವೆಲ್ ಮಾತ್ರ. ಚಿತ್ರ ಬಿಡುಗಡೆಯಾದದ್ದು 1939ರ ನವೆಂಬರಿನಲ್ಲಿ. ಯುರೋಪಿನಲ್ಲಿ ಯುದ್ಧ ಶುರುವಾಗಿ ಎರಡು ತಿಂಗಳಾಗಿತ್ತು.

ದ ಸ್ಕಾರ್ಲೆಟ್ ಕೋಟ್: 101 ನಿಮಿಷ, ಬಣ್ಣ, ಸಿನೆಮಾಸ್ಕೋಪ್

ಗೂಢಚಾರಿ ಕಥೆ ಇಷ್ಟಪಡುವವರಿಗೆ. ವಿಷಯ ಬೆನೆಡಿಕ್ಟ್ ಆರ್ನಾಲ್ಡನ ದ್ರೋಹ. ಅಮೆರಿಕದ ಈ ಜನರಲ್ ವೆಸ್ಟ್ ಪಾಯಿಂಟ್ ಕೋಟೆಯನ್ನು ಬ್ರಿಟಿಷರಿಗೆ ಒಪ್ಪಿಸಲು ‘ಗುಸ್ತಾವಸ್’ ಎಂಬ ಗುಪ್ತನಾಮದಲ್ಲಿ ಪತ್ರ ಬರೆಯುತ್ತಿದ್ದ. ಮಾತುಕತೆಗೆ ಬಂದ ಬ್ರಿಟಿಷ್ ಮೇಜರ್ ಜಾನ್ ಆಂಡ್ರೆ ಮರಳುವಾಗ, 1780ರ ಸೆಪ್ಟೆಂಬರ್ 23ರಂದು ಟ್ಯಾರಿಟೌನ್ ಬಳಿ ಮೂವರು ಊರ ಪಡೆಯವರ ಕೈಗೆ ಸಿಕ್ಕಿಬಿದ್ದ. ಕಾಗದಪತ್ರ ಕಾಲುಚೀಲದಲ್ಲಿತ್ತು. ಅಕ್ಟೋಬರ್ 2ಕ್ಕೆ ಗಲ್ಲು. ಸೈನಿಕನ ಹಾಗೆ ಗುಂಡಿಗೆ ಎದೆಯೊಡ್ಡಿ ಸಾಯಲು ಬಿಡಿ ಎಂದು ಅವನು ಕೇಳಿಕೊಂಡದ್ದನ್ನು ವಾಷಿಂಗ್ಟನ್ ಒಪ್ಪಲಿಲ್ಲ.

ನಾಯಕ ಕಾರ್ನೆಲ್ ವೈಲ್ಡ್ ಮಾಡಿದ ಮೇಜರ್ ಬೋಲ್ಟನ್ ಕಲ್ಪಿತ ಪಾತ್ರ. ಸುಳ್ಳು ಪಕ್ಷಾಂತರ ಮಾಡಿ ಶತ್ರುಗಳ ನಡುವೆ ಸೇರಿ, ಆಂಡ್ರೆಯ ಗೆಳೆತನ ಗಳಿಸಿ, ಆ ಗೆಳೆತನಕ್ಕೇ ಸಿಕ್ಕಿಹಾಕಿಕೊಳ್ಳುವವನು. ಮೈಕೆಲ್ ವೈಲ್ಡಿಂಗ್ ಮಾಡಿದ ಆಂಡ್ರೆಯ ಮುಂದೆ ನಾಯಕ ಸಪ್ಪೆ ಎನಿಸಿದರೆ ನಿಮ್ಮ ತಪ್ಪಲ್ಲ, ಚಿತ್ರವೇ ಅವನ ಕಡೆ ವಾಲಿದೆ. ಸಂಶಯದ ಡಾಕ್ಟರಾಗಿ ಜಾರ್ಜ್ ಸ್ಯಾಂಡರ್ಸ್ ಬಂದಾಗಲೆಲ್ಲ ದೃಶ್ಯಕ್ಕೆ ಜೀವ ಬರುತ್ತದೆ.

ಹಡ್ಸನ್ ಕಣಿವೆಯಲ್ಲೇ, ಘಟನೆ ನಡೆದ ಆಸುಪಾಸಿನಲ್ಲೇ ಚಿತ್ರೀಕರಿಸಿದ್ದಾರೆ. ತೊಂದರೆ ಪರದೆಯದು. ಸಿನೆಮಾಸ್ಕೋಪಿನ ಉದ್ದನೆಯ ಚೌಕಟ್ಟಿನಲ್ಲಿ ಜಾನ್ ಸ್ಟರ್ಜಸ್ ಮೂರು ನಾಲ್ಕು ಜನರನ್ನು ಅಕ್ಕಪಕ್ಕ ನಿಲ್ಲಿಸಿ ಯಾರು ಯಾರನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದಾರೆ ಎಂಬುದರ ಮೇಲೆಯೇ ಸಂಶಯ ಕಟ್ಟುತ್ತಾರೆ. ಫೋನಿನಲ್ಲಿ ಅದು ಕಾಣುವುದಿಲ್ಲ. ಬದಿ ಕತ್ತರಿಸಿದ ಹಳೆಯ ಟಿವಿ ಪ್ರತಿ ಸಿಕ್ಕರೆ ಇನ್ನೂ ಕಷ್ಟ, ಮಾತಾಡುವವನ ಮುಖ ಇರುತ್ತದೆ, ಕೇಳುವವನದು ಚೌಕಟ್ಟಿನ ಆಚೆ. ನಲವತ್ತು ಇಂಚಿಗಿಂತ ಸಣ್ಣ ಪರದೆಯಿದ್ದರೆ ಇದನ್ನು ಬಿಟ್ಟು ಬೇರೆ ನೋಡಿ.

ಜಾನಿ ಟ್ರೆಮೇನ್: 80 ನಿಮಿಷ, ಬಣ್ಣ

ಎಂಟರಿಂದ ಹದಿಮೂರರ ಮಕ್ಕಳಿರುವ ಮನೆಗೆ. ಡಿಸ್ನಿ ಸಂಸ್ಥೆಯದು, ನಿರ್ದೇಶಕ ರಾಬರ್ಟ್ ಸ್ಟೀವನ್ಸನ್, ಏಳು ವರ್ಷದ ನಂತರ ‘ಮೇರಿ ಪಾಪಿನ್ಸ್’ ಮಾಡಿದವರು. ಎಸ್ತರ್ ಫೋರ್ಬ್ಸ್ 1943ರಲ್ಲಿ ಬರೆದ ಮಕ್ಕಳ ಕಾದಂಬರಿ ಮೂಲ. ಬಾಸ್ಟನ್ನಿನ ಅಕ್ಕಸಾಲಿಗನೊಬ್ಬನ ಬಳಿ ಬೆಳ್ಳಿ ಕೆಲಸ ಕಲಿಯುವ ಹುಡುಗ, ಕರಗಿದ ಬೆಳ್ಳಿಯಿಂದ ಕೈ ಸುಟ್ಟುಕೊಂಡು ಕಸುಬು ಕಳೆದುಕೊಳ್ಳುತ್ತಾನೆ. ಅಲ್ಲಿಂದ ದಂಗೆಕೋರರ ನಡುವೆ ಬೀಳುತ್ತಾನೆ.

ಇದರ ದೊಡ್ಡ ಅನುಕೂಲ ಕಟ್ಟೋಣ. ಮೊದಲು ಟಿವಿಗೆಂದೇ ಯೋಚಿಸಿದ್ದ ಕಥೆಯಾದ್ದರಿಂದ ಸರಿಯಾಗಿ ಎರಡು ಭಾಗ: ಬಾಸ್ಟನ್ ಬಂದರಿನಲ್ಲಿ ಚಹಾ ಪೆಟ್ಟಿಗೆಗಳನ್ನು ನೀರಿಗೆಸೆದ 1773ರ ಡಿಸೆಂಬರ್ 16ರ ಚಹಾ ದಂಗೆ ಒಂದು, ಯುದ್ಧ ಶುರುವಾದ 1775ರ ಏಪ್ರಿಲ್ 19ರ ಲೆಕ್ಸಿಂಗ್‌ಟನ್-ಕಾಂಕರ್ಡ್ ಕದನ ಇನ್ನೊಂದು. ಎರಡು ದಿನ ನಲವತ್ತು ನಲವತ್ತು ನಿಮಿಷ ತೋರಿಸಬಹುದು, ಶಾಲೆಯ ಒಂದು ಪೀರಿಯಡ್‌ಗೆ ಹೊಂದುತ್ತದೆ. ಹತ್ತಿರದಿಂದ ತೆಗೆದ ಶಾಟ್‌ಗಳೇ ಹೆಚ್ಚಿರುವುದರಿಂದ ಟ್ಯಾಬ್ಲೆಟ್‌ನಲ್ಲೂ ನಷ್ಟ ಕಡಿಮೆ. ಇಂಗ್ಲಿಷ್ ಸರಳ, ಉಚ್ಚಾರಣೆ ಸ್ಪಷ್ಟ.

ಚಹಾ ದೃಶ್ಯ ಬಂದಾಗ ಮಕ್ಕಳು ಕೇಳುವ ಪ್ರಶ್ನೆಗೆ ತಯಾರಿರಿ: ಅದು ನಮ್ಮ ಚಹಾನಾ? ಅಲ್ಲ. ಈಸ್ಟ್ ಇಂಡಿಯಾ ಕಂಪನಿಯದ್ದೇ ಸರಕು ನಿಜ, ಆದರೆ ಎಲೆ ಚೀನಾದ್ದು. ಅಸ್ಸಾಮಿನ ಚಹಾ ಮಾರುಕಟ್ಟೆಗೆ ಬರಲು ಇನ್ನೂ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕಿತ್ತು. ಆ ರಾತ್ರಿ ನೀರು ಪಾಲಾದದ್ದು 342 ಪೆಟ್ಟಿಗೆ, ಹತ್ತಿರ ಹತ್ತಿರ 42 ಟನ್.

ದೌರ್ಬಲ್ಯವೂ ಇಲ್ಲೇ. ಎಲ್ಲವೂ ಶುಚಿ, ಎಲ್ಲರೂ ಸಭ್ಯರು, ದಂಗೆ ಮುಗಿಸಿ ಹಾಡು ಹೇಳುತ್ತ ಮೆರವಣಿಗೆ ಹೋಗುತ್ತಾರೆ. ಬ್ರಿಟಿಷ್ ಜನರಲ್ ಗೇಜ್ ಕೂಡ ಮರ್ಯಾದಸ್ಥ. ಹುಡುಗನಿಗೆ ಕೆಡುಕು ಬಗೆಯುವವನು ಊರಿನ ಸಿರಿವಂತ ವ್ಯಾಪಾರಿ ಲೈಟ್. ಕಾದಂಬರಿಯಲ್ಲಿ ಗೆಳೆಯ ರ್‍ಯಾಬ್ ಸಾಯುತ್ತಾನೆ, ಚಿತ್ರದಲ್ಲಿ ಉಳಿಯುತ್ತಾನೆ. ಪುಸ್ತಕ ಓದಿದ ಮಕ್ಕಳು ಇದಕ್ಕೆ ಜಗಳ ತೆಗೆಯುತ್ತಾರೆ, ತೆಗೆಯಲಿ. ದೊಡ್ಡವರೇ ಕೂತು ನೋಡುವುದಾದರೆ ಈ ಚಿತ್ರ ಬೇಡ.

ದ ಡೆವಿಲ್ಸ್ ಡಿಸೈಪಲ್: 83 ನಿಮಿಷ, ಕಪ್ಪು-ಬಿಳುಪು

ಬರ್ನಾರ್ಡ್ ಶಾ 1897ರಲ್ಲಿ ಪ್ರದರ್ಶನಕ್ಕೆ ತಂದ ನಾಟಕ. ಬರ್ಟ್ ಲ್ಯಾಂಕಾಸ್ಟರ್, ಕರ್ಕ್ ಡಗ್ಲಾಸ್, ಲಾರೆನ್ಸ್ ಒಲಿವಿಯೇ ಒಂದೇ ಚಿತ್ರದಲ್ಲಿ. ದುಡ್ಡು ಹಾಲಿವುಡ್‌ನದು, ಚಿತ್ರೀಕರಣ ಇಂಗ್ಲೆಂಡಿನಲ್ಲಿ. ಪಾದ್ರಿಯನ್ನು ಹಿಡಿಯಲು ಬಂದ ಸೈನಿಕರು ಅವನ ಮನೆಯಲ್ಲಿದ್ದ ಊರ ಪುಂಡನನ್ನು ಪಾದ್ರಿಯೆಂದು ತಿಳಿದು ಎಳೆದೊಯ್ಯುತ್ತಾರೆ. ಅವನು ಬಾಯಿ ಬಿಡದೆ ಗಲ್ಲಿಗೆ ಹೊರಡುತ್ತಾನೆ. ಇತ್ತ ಪಾದ್ರಿ ಬಂದೂಕು ಹಿಡಿಯುತ್ತಾನೆ. ಸಂತ ಯಾರು, ಪುಂಡ ಯಾರು ಎಂಬ ಅದಲುಬದಲು.

ಒಲಿವಿಯೇ ಮಾಡಿದ ಬ್ರಿಟಿಷ್ ಜನರಲ್ ಬರ್ಗಾಯಿನ್ ಬಂದಮೇಲೆ ಮಿಕ್ಕವರೆಲ್ಲ ಹಿಂದೆ ಸರಿದಂತೆ. ಸೋಲುವುದು ಗೊತ್ತಿದ್ದೂ ನಯ ಬಿಡದ ಮನುಷ್ಯ. ನಿಜವಾದ ಬರ್ಗಾಯಿನ್ 1777ರ ಅಕ್ಟೋಬರ್ 17ರಂದು ಸಾರಟೋಗದಲ್ಲಿ ಶರಣಾದ, ಆ ಸೋಲಿನಿಂದಲೇ ಫ್ರಾನ್ಸ್ ಬಹಿರಂಗವಾಗಿ ಅಮೆರಿಕದ ಜೊತೆ ಕೈಜೋಡಿಸಿತು.

ನಾಟಕದ ಹುಚ್ಚಿರುವವರಿಗೆ ಇದು ಹಬ್ಬ. ಬೇರೆಯವರಿಗೆ ಎಚ್ಚರಿಕೆ: ಹಾಸ್ಯವೆಲ್ಲ ವಾಕ್ಯದ ಕೊನೆಯ ಪದದಲ್ಲಿ. ಸಬ್‌ಟೈಟಲ್ ಇಲ್ಲದ ಪ್ರತಿಯಾದರೆ ಮುಟ್ಟಬೇಡಿ. ಹೊಡೆದಾಟಗಳು ಶಾ ಬರೆದದ್ದಲ್ಲ, ಲ್ಯಾಂಕಾಸ್ಟರ್‌ಗೆಂದು ಸೇರಿಸಿದ್ದು ಎಂಬುದು ನೋಡಿದ ತಕ್ಷಣ ತಿಳಿಯುತ್ತದೆ. ಸೇನೆಯ ಚಲನವಲನವನ್ನು ನಕ್ಷೆಯ ಮೇಲೆ ಆಟಿಕೆ ಸೈನಿಕರನ್ನು ನಡೆಸಿ ತೋರಿಸಿರುವುದು ಮಾತ್ರ ಜಾಣತನ. ಬಜೆಟ್ಟೂ ಉಳಿಯಿತು, ಕುಹಕವೂ ಉಳಿಯಿತು.

ಜಾನ್ ಪಾಲ್ ಜೋನ್ಸ್: 126 ನಿಮಿಷ, ಬಣ್ಣ

ಹಡಗು ಕಂಡರೆ ಕಣ್ಣು ಅರಳುವವರಿಗೆ ಮಾತ್ರ. ರಾಬರ್ಟ್ ಸ್ಟ್ಯಾಕ್ ನಾಯಕ, ನಿರ್ದೇಶಕ ಜಾನ್ ಫ್ಯಾರೋ ಅವರ ಕೊನೆಯ ಚಿತ್ರ. ಮುಂದೆ ‘ಎಲ್ ಸಿಡ್’ (1961) ತೆಗೆದ ಸ್ಯಾಮ್ಯುಯೆಲ್ ಬ್ರಾನ್‌ಸ್ಟನ್ ನಿರ್ಮಾಪಕರು, ಚಿತ್ರೀಕರಣ ಸ್ಪೇನಿನಲ್ಲಿ. ಮೊದಲರ್ಧ ಭಾಷಣ, ದರಬಾರು, ಗಣ್ಯರ ಪರಿಚಯ. ಚಾರ್ಲ್ಸ್ ಕೋಬರ್ನ್ ಬೆಂಜಮಿನ್ ಫ್ರಾಂಕ್ಲಿನ್ ಆಗಿ ಬಂದು ಹೋಗುತ್ತಾರೆ. ಬೆಟ್ಟಿ ಡೇವಿಸ್ ಹೆಸರು ನಂಬಿ ಕೂರಬೇಡಿ, ರಷ್ಯದ ರಾಣಿ ಕ್ಯಾಥರೀನಳಾಗಿ ಕೊನೆಯಲ್ಲಿ ಕೆಲವೇ ನಿಮಿಷ.

ನೋಡಬೇಕಾದದ್ದು 1779ರ ಸೆಪ್ಟೆಂಬರ್ 23ರ ಫ್ಲ್ಯಾಂಬರೋ ಹೆಡ್ ಸಮುದ್ರ ಕದನ. ಅಮೆರಿಕದ ನೌಕಾ ಕಪ್ತಾನ ಜೋನ್ಸನ ‘ಬೋನಮ್ ರಿಚರ್ಡ್’ ಮೂಲತಃ ಪೂರ್ವದೇಶಗಳ ವ್ಯಾಪಾರಕ್ಕೆ ಕಟ್ಟಿದ ಫ್ರೆಂಚ್ ಹಡಗು, ಯುದ್ಧಕ್ಕಲ್ಲ. ದೂರದಿಂದ ಗುಂಡು ಹಾರಿಸಿ ಗೆಲ್ಲಲಾಗದೆ ಬ್ರಿಟಿಷರ ‘ಸೆರಾಪಿಸ್’ಗೆ ತನ್ನ ಹಡಗನ್ನು ಕಟ್ಟಿಹಾಕಿಕೊಂಡು ಕೈಕೈ ಮಿಲಾಯಿಸಿದ್ದು ಅದಕ್ಕೇ. ಗೆದ್ದದ್ದು ಅವನು, ಎರಡು ದಿನದಲ್ಲಿ ಮುಳುಗಿದ್ದೂ ಅವನದೇ ಹಡಗು.

ಕ್ರಾಂತಿಯ ಸಮುದ್ರ ಕದನಗಳ ಮಾತು ಬಂದಾಗ ಕನ್ನಡಿಗರು ನೆನೆಯಬೇಕಾದ ಇನ್ನೊಂದು ಹಡಗಿದೆ. 1782ರ ಏಪ್ರಿಲ್ 8ರಂದು ಡೆಲಾವೇರ್ ಕೊಲ್ಲಿಯಲ್ಲಿ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಯುದ್ಧನೌಕೆಯನ್ನು ಹಿಡಿದ ಪೆನ್ಸಿಲ್ವೇನಿಯಾದ ನೌಕೆಯ ಹೆಸರು ‘ಹೈದರ್ ಆಲಿ’. ಕಪ್ತಾನ ಜಾಶುವಾ ಬಾರ್ನಿ. ಶ್ರೀರಂಗಪಟ್ಟಣದ ಹೈದರ್ ಬ್ರಿಟಿಷರನ್ನು ಪೊಳಿಲೂರಿನಲ್ಲಿ ಸೋಲಿಸಿದ್ದು 1780ರಲ್ಲಿ. ಶತ್ರುವಿನ ಶತ್ರು ಎಂಬ ಅಭಿಮಾನಕ್ಕೆ ಇಟ್ಟ ಹೆಸರು. ಕವಿ ಫಿಲಿಪ್ ಫ್ರೆನೋ ಆ ಗೆಲುವಿನ ಮೇಲೆ ಪದ್ಯವನ್ನೂ ಬರೆದ. ಈ ಐದರಲ್ಲಿ ಒಂದೂ ಆ ಕಡೆ ತಲೆಹಾಕಿಲ್ಲ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಸೋತ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ಸೇ ಹತ್ತು ವರ್ಷದಲ್ಲಿ ಬೆಂಗಳೂರು ಕೋಟೆ ಹಿಡಿದು, 1792ರಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡದ್ದು. ಆ ಕೊಂಡಿ ಹಿಡಿದು ನೋಡುವ ಕಣ್ಣು ನಮ್ಮಲ್ಲೇ ಇರಬೇಕು.

ದುಡ್ಡಿಲ್ಲದೆ ನೋಡಬೇಕೆಂದರೆ

ಡಿ.ಡಬ್ಲ್ಯು. ಗ್ರಿಫಿತ್ 1924ರಲ್ಲಿ ಮಾಡಿದ ಮೂಕಿ ಚಿತ್ರ ‘ಅಮೆರಿಕಾ’ 2020ರಿಂದ ಅಮೆರಿಕದಲ್ಲಿ ಸಾರ್ವಜನಿಕ ಸ್ವತ್ತು. ಎರಡು ಗಂಟೆ ಮೀರುತ್ತದೆ. ಪ್ರತಿಯಿಂದ ಪ್ರತಿಗೆ ಉದ್ದ ಬೇರೆ ಬೇರೆ, ಯಾಕೆಂದರೆ ಮೂಕಿ ಚಿತ್ರಗಳನ್ನು ಓಡಿಸುವ ವೇಗಕ್ಕೆ ಒಂದೇ ನಿಯಮ ಇರಲಿಲ್ಲ. ಜನ ಟಕಟಕ ಗೊಂಬೆಗಳಂತೆ ಓಡಾಡಿದರೆ ಅದು ವೇಗ ತಪ್ಪಿದ ಪ್ರತಿ. ಪ್ಲೇಯರಿನಲ್ಲಿ ವೇಗವನ್ನು 0.8ಕ್ಕೆ ಇಳಿಸಿ ನೋಡಿ. ಇಂಗ್ಲಿಷ್ ಬಾರದ ಹಿರಿಯರಿಗೆ ಆಶ್ಚರ್ಯವೆಂಬಂತೆ ಇದೇ ಸುಲಭ. ಬರಹದ ಫಲಕ ಬಂದಾಗ ಒಬ್ಬರು ಕನ್ನಡದಲ್ಲಿ ಹೇಳಿದರಾಯಿತು, ಮಿಕ್ಕದ್ದು ಕಣ್ಣಿಗೇ ಗೊತ್ತಾಗುತ್ತದೆ. ಇಲ್ಲಿಯೂ ಖಳ ರಾಜಪಕ್ಷದ ವಾಲ್ಟರ್ ಬಟ್ಲರ್.

ಪ್ರತಿ, ಪರದೆ, ಸದ್ದು

ಓಟಿಟಿಗಳಲ್ಲಿ ಹಳೆಯ ಚಿತ್ರಗಳು ಬರುವುದು ಹೋಗುವುದು ಹೇಳಿ ಮಾಡಿದ್ದಲ್ಲ. ಚಂದಾ ಕಟ್ಟುವ ಮುನ್ನ ಹುಡುಕಿ ನೋಡಿ, ಒಂದು ಚಿತ್ರಕ್ಕಾಗಿ ವರ್ಷದ ಚಂದಾ ಬೇಡ. ಒಮ್ಮೆ ನೋಡುವವರಿಗೆ ಬಾಡಿಗೆ ಸಾಕು.

ವಿದೇಶದಿಂದ ಡಿಸ್ಕ್ ತರಿಸುವುದಾದರೆ ವಲಯದ ಸಂಖ್ಯೆ ನೋಡಿ. ಡಿವಿಡಿಯಲ್ಲಿ ಅಮೆರಿಕ 1, ಬ್ರಿಟನ್ 2, ಭಾರತ 5. ಬ್ಲೂ-ರೇಯಲ್ಲಿ ಕ್ರಮವಾಗಿ ಎ, ಬಿ, ಸಿ. ಹೊಂದದಿದ್ದರೆ ಪ್ಲೇಯರ್ ಡಿಸ್ಕನ್ನು ಉಗುಳುತ್ತದೆ. ಅಮೆರಿಕದಲ್ಲಿರುವ ಮಗ ಊರಿಗೆ ಬರುವಾಗ ತಂದ ಡಿಸ್ಕ್ ಕಪಾಟಿನಲ್ಲೇ ಕೊಳೆಯುವುದು ಹೀಗೆ. ಎಲ್ಲ ವಲಯಕ್ಕೂ ಹೊಂದುವ ಪ್ಲೇಯರ್ ಇದ್ದರೆ ಮಾತ್ರ ತರಿಸಿ. ಸಾಗಣೆ, ಸುಂಕ ಸೇರಿದರೆ ಡಿಸ್ಕಿನ ಬೆಲೆಯನ್ನೇ ಮೀರಬಹುದು. ಈ ಖರ್ಚಿಗೆ ಯೋಗ್ಯವಾದದ್ದು ಐದರಲ್ಲಿ ‘ಡ್ರಮ್ಸ್’ ಒಂದೇ, ಅದೂ ಪುನರುದ್ಧಾರ ಮಾಡಿದ ಬ್ಲೂ-ರೇ. ಹಳೆಯ ಡಿವಿಡಿ, ಟಿವಿ ಪ್ರತಿಗಳಲ್ಲಿ ಬಣ್ಣ ಮಂಕು, ಕತ್ತಲ ದೃಶ್ಯಗಳು ಕೆಸರು.

ಎಲ್ಲೋ ಸಿಕ್ಕ ಪ್ರತಿ ಸರಿಯಿದೆಯೇ ಎಂದು ತಿಳಿಯಲು ನಿಮಿಷ ಎಣಿಸಿ. 104 ನಿಮಿಷದ್ದು 100 ತೋರಿಸಿದರೆ ಗಾಬರಿ ಬೇಡ, ಸೆಕೆಂಡಿಗೆ 24 ಚೌಕಟ್ಟಿನ ಚಿತ್ರವನ್ನು 25ರಲ್ಲಿ ಓಡಿಸುವ ಯುರೋಪಿನ ಪದ್ಧತಿ ಅದು, ದನಿ ತುಸು ಕೀರಲಾಗುತ್ತದೆ ಅಷ್ಟೆ. ತೊಂಬತ್ತಕ್ಕೆ ಇಳಿದರೆ ಕತ್ತರಿ ಬಿದ್ದಿದೆ. ಈ 24-25ರ ಗೊಂದಲವೇ ಸಬ್‌ಟೈಟಲನ್ನೂ ಕೆಡಿಸುತ್ತದೆ. ಆರಂಭದಲ್ಲಿ ಸರಿಯಿದ್ದು ಒಂದು ಗಂಟೆಯ ಹೊತ್ತಿಗೆ ಎರಡು ನಿಮಿಷ 24 ಸೆಕೆಂಡಿನಷ್ಟು ಜಾರಿರುತ್ತದೆ. ಹಿಂದೆ ಮುಂದೆ ತಳ್ಳಿದರೆ ಸರಿಹೋಗದು, ಬೇರೆ ಸಬ್‌ಟೈಟಲ್ ಕಡತವೇ ಬೇಕು. ಕತ್ತಿ, ಬಂದೂಕು ಎಲ್ಲರಿಗೂ ಎಡಗೈಯಲ್ಲಿದ್ದರೆ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ಹಾಕಿದ ಕಳ್ಳ ಪ್ರತಿ ಎಂದೇ ತಿಳಿಯಿರಿ.

ಟಿವಿಯಲ್ಲಿ ಮೂರು ಕಡೆ ಕೈಯಾಡಿಸಿ. ಚಿತ್ರದ ಅಳತೆಯನ್ನು ‘ಮೂಲ’ ಅಥವಾ ‘ಆಟೋ’ಗೆ ಇಡಿ. ‘ಡ್ರಮ್ಸ್’ ಅಗಲ-ಎತ್ತರದ ಅನುಪಾತ 1.37. 43 ಇಂಚಿನ ಟಿವಿಯ 95 ಸೆಂಟಿಮೀಟರ್ ಅಗಲದಲ್ಲಿ ಅದು 73 ಮಾತ್ರ ತುಂಬುತ್ತದೆ, ಎರಡೂ ಬದಿ ಕಪ್ಪು ಪಟ್ಟಿ. ಪಟ್ಟಿ ಕಾಣಬಾರದೆಂದು ಜೂಮ್ ಮಾಡಿದರೆ ಎತ್ತರದಲ್ಲಿ ಕಾಲುಭಾಗದಷ್ಟು, ಅಂದರೆ ಟೋಪಿಗಳೂ ಆಕಾಶವೂ ಹೋಗುತ್ತವೆ. ‘ಸ್ಕಾರ್ಲೆಟ್ ಕೋಟ್’ಗೆ ಇದರ ತದ್ವಿರುದ್ಧ, ಅದೇ ಟಿವಿಯಲ್ಲಿ ಚಿತ್ರದ ಎತ್ತರ 37-40 ಸೆಂಟಿಮೀಟರ್.

ಎರಡನೆಯದು ಚಲನೆ ನಯಗೊಳಿಸುವ ಸೌಲಭ್ಯ. ಕಂಪನಿಗೊಂದು ಹೆಸರಿರುತ್ತದೆ, ‘ಮೋಷನ್’ ಎಂಬ ಪದ ಎಲ್ಲಿದ್ದರೂ ಅದನ್ನು ಆಫ್ ಮಾಡಿಬಿಡಿ. ಇಲ್ಲವಾದರೆ 1939ರ ಓಟ ಧಾರಾವಾಹಿಯಂತೆ ಕಾಣುತ್ತದೆ. ಮೂರನೆಯದು ಬಣ್ಣ. ‘ವಿವಿಡ್’ ಇದ್ದರೆ ಟೆಕ್ನಿಕಲರ್ ಮುಖಗಳು ಟೊಮೇಟೊ ಆಗುತ್ತವೆ, ‘ಸಿನೆಮಾ’ ಅಥವಾ ‘ಮೂವಿ’ಗೆ ಇಡಿ. ‘ಡ್ರಮ್ಸ್’ನಂಥ ಹಳೆಯ ಮಾನೋ ಧ್ವನಿಗೆ ಸೌಂಡ್‌ಬಾರಿನ ‘ಸರೌಂಡ್’ ಹಾಕಿದರೆ ಸಂಭಾಷಣೆ ಬಾವಿಯೊಳಗಿಂದ ಬಂದಂತಾಗುತ್ತದೆ, ಅದನ್ನೂ ಆಫ್ ಮಾಡಿ.

ಹಾಗಾದರೆ ಯಾವುದು?

ಮನೆಮಂದಿಯೆಲ್ಲ ಕೂತಿದ್ದರೆ ‘ಡ್ರಮ್ಸ್’, ಮೂಲನಿವಾಸಿಗಳ ಬಗ್ಗೆ ಐದು ನಿಮಿಷದ ಮುನ್ನುಡಿಯೊಂದಿಗೆ. ಮಕ್ಕಳು ಮಾತ್ರವಾದರೆ ‘ಜಾನಿ ಟ್ರೆಮೇನ್’, ಎರಡು ಕಂತಿನಲ್ಲಿ. ಗಂಡ ಹೆಂಡತಿ ಇಬ್ಬರೇ, ದೊಡ್ಡ ಟಿವಿ, ಮಕ್ಕಳು ಮಲಗಿದ್ದಾರೆ: ‘ಸ್ಕಾರ್ಲೆಟ್ ಕೋಟ್’. ಇಂಗ್ಲಿಷ್ ನಾಟಕದ ಮಾತಿನ ಚಮತ್ಕಾರಕ್ಕೆ ಕಿವಿಯಿದ್ದರೆ, ಸಮಯವೂ ಕಡಿಮೆಯಿದ್ದರೆ ‘ಡೆವಿಲ್ಸ್ ಡಿಸೈಪಲ್’. ಅದು ಫೋನಿನಲ್ಲೂ ನಡೆಯುತ್ತದೆ, ಕಣ್ಣಿಗಿಂತ ಕಿವಿಗೇ ಕೆಲಸ. ‘ಜಾನ್ ಪಾಲ್ ಜೋನ್ಸ್’ ಬಾಡಿಗೆಗೆ ದುಡ್ಡು ಕೊಡುವಷ್ಟು ಯೋಗ್ಯವಲ್ಲ. ಚಂದಾದೊಳಗೇ ಸಿಕ್ಕರೆ ದರಬಾರುಗಳನ್ನು ಓಡಿಸಿಕೊಂಡು ಹೋಗಿ ಕದನದಲ್ಲಿ ನಿಲ್ಲಿಸಿ.

ಎರಡು ನೋಡುವ ಮನಸ್ಸಿದ್ದರೆ ‘ಡ್ರಮ್ಸ್’ ಮೊದಲು, ‘ಡೆವಿಲ್ಸ್ ಡಿಸೈಪಲ್’ ಮರುದಿನ. ಎರಡರಲ್ಲೂ 1777 ಬರುತ್ತದೆ. ಓರಿಸ್ಕನಿಯಲ್ಲಿ ಹರ್ಕಿಮರ್ ತಡೆಯಲು ಹೊರಟ ದಂಡು ಬರ್ಗಾಯಿನ್‌ನ ಸೇನೆಯನ್ನು ಕೂಡಿಕೊಳ್ಳಲೆಂದೇ ಹೊರಟದ್ದು. ಅದು ಬಂದು ತಲುಪಲಿಲ್ಲ. ಒಲಿವಿಯೇ ಮುಖದಲ್ಲಿ ಕಾಣುವ ಆಯಾಸಕ್ಕೆ ಅರ್ಧ ಕಾರಣ ಹಿಂದಿನ ರಾತ್ರಿ ನೀವು ನೋಡಿದ ಆ ಕಣಿವೆಯಲ್ಲೇ ಇದೆ.